ಥರ್ಮನ್‌ನ ಜಾಗ

ಜುಲೈ ೨೨, ೧೯೯೧

ಈ ವರ್ಷವೂ ಥರ್ಮನ್ ಪಿಕೆಟ್‌ನ ಕಾರಿನಲ್ಲೇ ತಂಡದ ತರಬೇತಿ ಶಿಬಿರಕ್ಕೆ ಬಂದೆ. ಟೊಲೆಡೊ ದಾಟಿದ ಮೇಲೆ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ರಸ್ತೆಯ ಎರಡೂ ಬದಿ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಕಾಲೇಜು ಹಾಸ್ಟೆಲ್ಲಿನ ಅದೇ ಕೋಣೆ, ಕಾಲು ಚಾಚಿದರೆ ಪಾದ ಹೊರಗುಳಿಯುವ ಅದೇ ಮಂಚ. ಹೆಂಡತಿ ರೆನೀಟಾ ಇಲ್ಲದ ಕಡೆ ನನಗೆ ಮಾತಿಗೆ ಯಾರೂ ಸಿಗುವುದಿಲ್ಲ. ಅದಕ್ಕೇ ಈ ಸಲ ಬರೆಯಲು ಕುಳಿತಿದ್ದೇನೆ.

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಓಡುತ್ತ ಎಸೆತದ ಚೆಂಡು ಹಿಡಿಯುವವನು ಎಂದರೆ ಥರ್ಮನ್. ನಾನು ಬರುವ ಮೊದಲಿನಿಂದಲೂ ಅವನೇ. ನನ್ನ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ ಅವಳನ್ನು ತೋಳಲ್ಲಿ ಹೊತ್ತು ನಿಂತವನೂ ಅವನೇ. ನನ್ನ ಕೆಲಸ ಹಿಂದೆ ನಿಂತು, ಚೆಂಡು ಹಿಡಿಯಲು ಬಂದವನನ್ನು ಮುರಿದುಹಾಕುವುದು. ಅದಕ್ಕೆ ಸೇಫ್ಟಿ ಎಂದು ಹೆಸರು. ಯಾರ ಸುರಕ್ಷತೆಯೋ ದೇವರೇ ಬಲ್ಲ.

ಬಂದ ಕೂಡಲೇ ಕೋಚ್ ಹ್ಯಾಲ್ವರ್ಸನ್ ಕರೆಸಿದ. ಏಪ್ರಿಲ್‌ನ ಡ್ರಾಫ್ಟ್‌ನಲ್ಲಿ, ಕಾಲೇಜು ಹುಡುಗರನ್ನು ಆರಿಸುವಾಗ, ಮೊದಲ ಸುತ್ತಿಗೇ ಎತ್ತಿಕೊಂಡ ಹುಡುಗ ಡೇರಿಯಸ್ ಮಿಂಟರ್ ಕಿಟಕಿಯಾಚೆ ಒಬ್ಬನೇ ಓಡುತ್ತಿದ್ದ. ಓಟವೇನೋ ಚಂದ. ಕುದುರೆಮರಿ.

“ಒಂದು ಜಾಗ, ಇಬ್ಬರು,” ಎಂದ ಕೋಚ್. “ಥರ್ಮನ್ ಕೈ ನಂಗೆ ಗೊತ್ತು. ಈ ಹುಡುಗನ ಕಾಲು ಗೊತ್ತು. ನೀನು, ಆರ್ವೆಲ್ ಗೇನ್ಸ್, ಮೈಮೇಲೆ ಬರ್ತಿದೀಯ ಅಂತ ಗೊತ್ತಿದ್ದೂ ಯಾರು ಚೆಂಡು ಬಿಡಲ್ಲ, ಅದೊಂದು ಗೊತ್ತಿಲ್ಲ. ಇಬ್ಬರನ್ನೂ ಒಂದೇ ಥರ ಹೊಡಿ. ಕಡೇಲಿ ನಿನ್ನನ್ನೇ ಕೇಳ್ತೀನಿ.”

ಹೊರಗೆ ಥರ್ಮನ್ ಕಾಯುತ್ತಿದ್ದ. ಎಲ್ಲ ಹೇಳಿದೆ. ಅವನಿಂದ ಯಾವತ್ತು ಏನು ಮುಚ್ಚಿಟ್ಟಿದ್ದೇನೆ?

“ಹಂಗಾದ್ರೆ ತಕ್ಕಡಿ ನೀನೇ ಅನ್ನು,” ಎಂದು ನಕ್ಕ.

“ಒಂದು ವಾರ ತಡ್ಕೊ. ಆ ಕೂಸು ಅಮ್ಮನ್ನ ನೆನೆಸ್ಕೊಂಡು ಬಸ್ ಹತ್ತದೇ ಇದ್ರೆ ಕೇಳು,” ಎಂದೆ.

ಜುಲೈ ೨೪

ಮೈದಾನದ ನಡುವಿನ ಓಟ ಶುರುವಾಯಿತು. ಚೆಂಡು ಹಿಡಿಯುವವನು ಅಡ್ಡಲಾಗಿ ದಾಟಬೇಕು. ಎಸೆತ ಬೇಕೆಂದೇ ಎತ್ತರ. ಕೈ ಮೇಲೆತ್ತಿದಾಗ ಅವನ ಪಕ್ಕೆ ಬಾಗಿಲು ತೆರೆದಿಟ್ಟ ಮನೆ. ಆ ಹೊತ್ತಿಗೆ ನಾನು ಒಳಗೆ ನುಗ್ಗಬೇಕು.

ಹುಡುಗ ನನ್ನನ್ನು ನೋಡಲೇ ಇಲ್ಲ. ಹೆಗಲು ಎದೆಗೂಡಿನ ಕೆಳಗೆ ಸರಿಯಾಗಿ ಕೂತಿತು. ಅವನೊಳಗಿನ ಗಾಳಿಯೆಲ್ಲ ನನ್ನ ಕಿವಿಯ ಪಕ್ಕದಲ್ಲೇ ಹೊರಬಿದ್ದ ಸದ್ದು ಕೇಳಿಸಿತು. ಚೆಂಡು ಎಲ್ಲೋ, ಅವನು ಎಲ್ಲೋ. ಶಿರಸ್ತ್ರಾಣದ ಸರಳುಗಳ ನಡುವಿನಿಂದ ಮೂಗಿನ ರಕ್ತ ತೊಟ್ಟಿಕ್ಕುತ್ತಿತ್ತು. ಮೊಣಕಾಲೂರಿ ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದ. ಹುಡುಗರು ಶಿಳ್ಳೆ ಹೊಡೆದರು.

ಎದ್ದು ಬಾಯಿ ಒರೆಸಿಕೊಂಡು ನನ್ನ ಹತ್ತಿರ ಬಂದ. ಜಗಳಕ್ಕೇ ಬಂದ ಅಂದುಕೊಂಡೆ.

“ಅಣ್ಣಾ, ನೀವು ಯಾವ ಕಡೆಯಿಂದ ಬಂದ್ರಿ?”

“ನಿಮ್ಮಪ್ಪನ ಮನೆ ಕಡೆಯಿಂದ,” ಎಂದು ಉಗಿದೆ.

ಸಾಲಿಗೆ ಹೋಗಿ ನಿಂತ. ಮತ್ತೆ ಬಂದ. ಮತ್ತೆ ಕೆಡವಿದೆ. ಒಳ್ಳೆಯ ದಿನ.

ಜುಲೈ ೨೬

ಹುಡುಗನ ಬೆರಳಿನ ಕೀಲು ತಪ್ಪಿತು. ಹಲ್ಲು ಕಚ್ಚಿಕೊಂಡು ತಾನೇ ಎಳೆದು ಕೂರಿಸಿಕೊಂಡು ಸಾಲಿಗೆ ನಿಂತ. ಇನ್ನೂ ಬಸ್ ಹತ್ತಿಲ್ಲ.

ಥರ್ಮನ್‌ನ ಸರದಿ ಬಂದಾಗ ನಾನೂ ಜೋರಾಗಿಯೇ ಓಡಿದೆ. ಕೊನೆಯ ಗಳಿಗೆಯಲ್ಲಿ ಹೆಗಲನ್ನು ಒಂಚೂರು ತಿರುಗಿಸಿ, ತೋಳಿನಿಂದ ಅವನ ಬೆನ್ನು ತಬ್ಬಿ, ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನೆಲಕ್ಕಿಳಿಸಿದೆ. ದೂರದಿಂದ ನೋಡಿದವರಿಗೆ ಹೊಡೆತದ ಹಾಗೇ ಕಾಣುತ್ತದೆ. ಅಭ್ಯಾಸದಲ್ಲಿ ಅವನಿಗೆ ನಾನು ಯಾವಾಗಲೂ ಹಾಗೇ ಮಾಡುವುದು. ಅವನಿಗೂ ಗೊತ್ತು. ಚೆಂಡು ಅವನ ಕೈಯಲ್ಲೇ ಇತ್ತು.

ಆಗಸ್ಟ್ ೨

ಸುಡು ಬಿಸಿಲು. ಇಬ್ಬರು ದಢೂತಿ ಆಟಗಾರರು ತಲೆತಿರುಗಿ ಬಿದ್ದರು.

ಮಧ್ಯಾಹ್ನ ಊಟದ ತಟ್ಟೆ ಹಿಡಿದು ಹುಡುಗ ನನ್ನೆದುರೇ ಬಂದು ಕೂತ. ಹೊಸಬರು ಹಳಬರ ಮೇಜಿಗೆ ಬರುವ ಹಾಗಿಲ್ಲ. ಏಳು ಎನ್ನಬೇಕೆಂದಿದ್ದೆ. ಅವನ ತುಟಿ ಮಾಗಿದ ಟೊಮೆಟೊದ ಹಾಗೆ ಊದಿತ್ತು, ಹಂದಿ ಮಾಂಸವನ್ನು ಅಗಿಯಲಾಗದೆ ಬೆರಳಲ್ಲಿ ಎಳೆ ಎಳೆಯಾಗಿ ಹರಿದು ನುಂಗುತ್ತಿದ್ದ. ದಕ್ಷಿಣದ ಕಡಲ ತೀರದ ಬಿಲಾಕ್ಸಿಯವನಂತೆ. ಅಪ್ಪನದು ಸೀಗಡಿ ದೋಣಿ. ಅಂಗೈ ತುಂಬ ಬಲೆಯ ಹಗ್ಗ ಕೊರೆದ ಗೆರೆಗಳು.

“ಒಂದು ಕೇಳ್ಲಾ ಅಣ್ಣಾ? ಚೆಂಡು ಇನ್ನೂ ಬಂದೇ ಇರಲ್ಲ, ನಾನೆಲ್ಲಿ ನೆಗೀತೀನಿ ಅಂತ ನಿಮಗೆ ಹೆಂಗೆ ಗೊತ್ತಾಗತ್ತೆ?”

“ನೀನೇ ಹೇಳ್ತೀಯಲ್ಲ.”

“ನಾನಾ?”

“ನೆಗೆಯೋಕೆ ಮುಂಚೆ ಬಲಗಾಲು ಗಟ್ಟಿಯಾಗಿ ಊರ್ತೀಯ. ಉಸಿರು ಬಿಗಿ ಹಿಡೀತೀಯ. ಉಸಿರು ಹಿಡಿದವನ ಪಕ್ಕೆ ಒಣಕಟ್ಟಿಗೆ ಇದ್ದಂಗೆ, ಲಟ್ಟಂತ ಮುರೀತದೆ. ಹೊಡೆತ ಬೀಳೋವಾಗ ಉಸಿರು ಬಿಡು.”

ಯಾಕೆ ಹೇಳಿದೆನೋ. ಹೆದರಲಿ ಎಂದು ಹೇಳಿದ್ದು.

ಆಗಸ್ಟ್ ೬

ಇವತ್ತು ಒಂದು ಸಂಗತಿ ನಡೆಯಿತು, ವಿವರವಾಗಿ ಬರೆದಿಡಬೇಕು.

ಎಸೆತ ಕೆಟ್ಟದಾಗಿತ್ತು, ಎತ್ತರವೂ ಹೌದು, ಹಿಂದಕ್ಕೂ ಹೌದು. ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದರು. ಹುಡುಗ ಗಾಳಿಯಲ್ಲೇ ಮೈ ಹಿಂದಕ್ಕೆ ತಿರುಚಿದ. ಬಲಗಾಲು ಊರಲಿಲ್ಲ, ಓಡುತ್ತಲೇ ನೆಗೆದ. ಹಾಗಾಗಿ ನನಗೆ ಕೂದಲೆಳೆಯಷ್ಟು ತಡವಾಯಿತು. ಆದರೂ ಹೊಡೆತ ಪೂರ್ತಿ ಬಿತ್ತು. ನನ್ನ ಕುತ್ತಿಗೆಯಿಂದ ಬೆರಳ ತುದಿಯವರೆಗೆ ಬೆಂಕಿ ಹರಿಯಿತು. ಅವನ ಬಾಯಿಂದ “ಹಾ” ಎಂದು ಉಸಿರು ಹೊರಬಂತು, ನಾನು ಹೇಳಿಕೊಟ್ಟ ಹಾಗೇ. ಇಬ್ಬರೂ ಉರುಳಿದೆವು. ಮೇಲೆದ್ದು ನೋಡಿದರೆ ಚೆಂಡು ಅವನ ಒಂದೇ ಕೈಯಲ್ಲಿ ಕೂತಿದೆ, ಬಲೆಗೆ ಬಿದ್ದ ಮೀನಿನ ಹಾಗೆ. ಮೈದಾನವೆಲ್ಲ ಗಪ್‌ಚುಪ್. ಆಮೇಲೆ ರಕ್ಷಣೆಯ ಕಡೆಯವರೇ, ಎಂದರೆ ನಮ್ಮವರೇ, ಕೂಗಿದರು. ನಾನೂ ಏನೋ ಕೂಗಿದೆನಂತೆ. ಎದ್ದವನು ನನ್ನ ಶಿರಸ್ತ್ರಾಣಕ್ಕೆ ತನ್ನದನ್ನು ಢೀ ಹೊಡೆದು, “ಉಸಿರು ಬಿಟ್ಟೆ ಅಣ್ಣಾ!” ಎಂದ. ಕಣ್ಣಿನ ಬಿಳಿಯಲ್ಲಿ ರಕ್ತದ ಚುಕ್ಕೆ.

ಥರ್ಮನ್ ಕೂಡ ಚೆನ್ನಾಗಿಯೇ ಆಡಿದ.

ಆಗಸ್ಟ್ ೯

ಅಭ್ಯಾಸ ಮುಗಿದ ಮೇಲೆ ಥರ್ಮನ್ ನನ್ನನ್ನು ಕಾರಲ್ಲಿ ಕೂರಿಸಿಕೊಂಡು ಜೋಳದ ಹೊಲದ ಬದಿಗೆ ಒಯ್ದ. ಎಂಜಿನ್ ಆರಿಸಿ ಪ್ಯಾಂಟಿನ ಕಾಲು ಮೇಲೆ ಸರಿಸಿದ. ಮೊಣಕಾಲು ಕರಬೂಜದಷ್ಟು ಊದಿತ್ತು. ಬೆಳಗ್ಗೆ ಸೂಜಿ ಹಾಕಿ ನೀರು ತೆಗೆಸಿಕೊಂಡನಂತೆ, ಸಂಜೆಯೊಳಗೆ ಮತ್ತೆ ತುಂಬಿಕೊಂಡಿತ್ತು.

“ಒಂದೇ ಒಂದು ವರ್ಷ ಸಾಕು ಕಣೋ ನಂಗೆ. ಬೇರೆ ಏನೂ ಮಾಡೋಕೆ ಬರಲ್ಲ. ಮನೇಲಿ ಬಲ್ಬ್ ಬದಲಾಯಿಸೋದೂ ನನ್ ಹೆಂಡ್ತೀನೇ.”

“ಸಿಗತ್ತೆ ಬಿಡು.”

“ಸಿಗಲ್ಲ. ಆ ಹುಡುಗನ್ನ ನೋಡಿದೀಯಲ್ಲ.” ಪ್ಯಾಂಟಿನ ಕಾಲು ಕೆಳಗೆಳೆದುಕೊಂಡ. “ಮೇಲೆ ಹೊಡೀಬೇಡ ಇನ್ನು. ಕೆಳಗೆ ಹೋಗು. ನೆಗೆದವನು ಕಾಲೂರಿ ಇಳೀತಾನಲ್ಲ, ಆಗ ಮೊಣಕಾಲಿಗೆ ಹೋಗು. ಒಂದೇ ಸಲ. ಯಾರೂ ತಪ್ಪು ಅನ್ನಲ್ಲ, ಆಟದಲ್ಲಿ ಆಗತ್ತೆ.”

“ಹುಡುಗ ಮತ್ತೆ ಓಡಲ್ಲ ಆಮೇಲೆ.”

“ಗೊತ್ತು. ನಂಗೇನು ಇಷ್ಟನಾ ಕೇಳೋಕೆ? ಬೇರೆ ಯಾರನ್ನ ಕೇಳ್ಲಿ ಹೇಳು.”

ನನ್ನ ಮಗಳನ್ನು ಹೊತ್ತು ನಿಂತ ಕೈಯನ್ನೇ ನನ್ನ ಮುಂದೆ ಚಾಚಿದ. ಹಿಡಿದೆ. ಆಯಿತು ಎಂದೆ. ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಸ್ನೇಹಿತ ಎಂದರೆ ಸ್ನೇಹಿತ.

ಆಗಸ್ಟ್ ೧೨

ಹುಲ್ಲು ಒದ್ದೆಯಾಗಿತ್ತು. ಕೆಳಗೆ ಹೋದರೆ ನಾನೇ ಜಾರುವ ಭಯ. ಇವತ್ತು ಆಗಲಿಲ್ಲ.

ಆಗಸ್ಟ್ ೧೩

ಕೋಚ್ ಹತ್ತಿರದಲ್ಲೇ ನಿಂತಿದ್ದ. ಆಗಲಿಲ್ಲ.

ಹುಡುಗ ಇಳಿಯುವಾಗ ಎರಡೂ ಪಾದ ಜೋಡಿಸಿ ಇಳಿಯುತ್ತಾನೆ, ಅದು ಅಪಾಯ. ಒಂದರ ಹಿಂದೊಂದು ಊರಬೇಕು, ಆಗ ಪೆಟ್ಟು ಬಿದ್ದರೂ ಮೈ ತಿರುಗಿಕೊಳ್ಳುತ್ತದೆ. ಯಾರೂ ಹೇಳಿಕೊಟ್ಟಂತಿಲ್ಲ. ಹೇಳಿದೆ.

ಆಗಸ್ಟ್ ೧೭

ಹೊರಗಿನ ತಂಡದೊಂದಿಗೆ ಪೂರ್ವಸಿದ್ಧತೆಯ ಪಂದ್ಯ. ಅರ್ಧದಲ್ಲೇ ನನ್ನನ್ನು ಮೈದಾನದಿಂದ ಆಚೆಗೆ ಅಟ್ಟಿದರು.

ಆದದ್ದಿಷ್ಟು. ಸೀಟಿ ಊದಿದ ಮೇಲೆ, ಡೇರಿಯಸ್ ನೆಲದ ಮೇಲಿರುವಾಗ, ಅವರ ಕಡೆಯ ಒಬ್ಬ ಕಟ್ಟುಮಸ್ತಿನವನು ತಲೆ ಬಗ್ಗಿಸಿಕೊಂಡು ಗೂಳಿಯ ಹಾಗೆ ಅವನ ಬೆನ್ನಿಗೆ ನುಗ್ಗಿದ. ಚೆಂಡು ನಮ್ಮ ಕಡೆಯಿರುವಾಗ ಹೊಡೆಯುವವರಿಗೆ ಬೆಂಚು; ನಾನೂ ಅಲ್ಲೇ ಇದ್ದೆ. ಯಾವಾಗ ಎದ್ದೆ, ಮೈದಾನ ಹೇಗೆ ದಾಟಿದೆ, ನೆನಪಿಲ್ಲ. ಆ ಮನುಷ್ಯನ ಶಿರಸ್ತ್ರಾಣ ಕಿತ್ತೆಸೆದು ಮುಷ್ಟಿಯಿಂದ ಬಾಯಿಗೆ ಗುದ್ದಿದೆ, ಮತ್ತೆ ಗುದ್ದಿದೆ. ಅವನ ಹಲ್ಲೊಂದು ನನ್ನ ಬೆರಳ ಗೆಣ್ಣಿನಲ್ಲಿ ಮುರಿದುಕೊಂಡು ಕೂತಿತ್ತು. ವೈದ್ಯ ಇಕ್ಕಳದಿಂದ ತೆಗೆದ. ನಾಲ್ಕಾರು ಜನ ಸೇರಿ ಬಿಡಿಸಬೇಕಾಯಿತಂತೆ.

ನಮ್ಮ ಅಂಗಿ ತೊಟ್ಟವನನ್ನು ಯಾರು ಹಾಗೆ ಹೊಡೆದರೂ ನಾನು ಅದನ್ನೇ ಮಾಡುತ್ತಿದ್ದೆ. ತಂಡದ ಮಾನದ ಪ್ರಶ್ನೆ.

ಬಸ್ಸಿನಲ್ಲಿ ಥರ್ಮನ್ ಪಕ್ಕದಲ್ಲಿ ಕೂತ. “ಹೋದ ವರ್ಷ ಇದೇ ಮೈದಾನದಲ್ಲಿ ನನ್ನ ಪಕ್ಕೆಲುಬು ಮುರಿದ್ರಲ್ಲ, ನೆನಪಿದೆಯಾ?” ಎಂದ.

“ನೆನಪಿಲ್ದೇ ಏನು.”

“ಅವತ್ತು ನೀನು ನೀರು ಕುಡೀತಾ ಕೂತಿದ್ದೆ.”

ತಮಾಷೆಗೆ ಹೇಳಿದ್ದಿರಬೇಕು. ನಾನೂ ನಕ್ಕೆ. ಅವನು ಕಿಟಕಿಯ ಕಡೆ ತಿರುಗಿ ಮಲಗಿದ.

ಆಗಸ್ಟ್ ೨೦

ಬೆಳಗಿನಿಂದ ಯಾರ ಮೇಲೋ ಸಿಟ್ಟು. ಯಾರ ಮೇಲೆಂದು ಗೊತ್ತಾಗುತ್ತಿಲ್ಲ.

ನಡುವಿನ ಓಟದಲ್ಲಿ ಥರ್ಮನ್‌ಗೆ ಚೆಂಡು ಬಂತು. ಕಷ್ಟದ ಎಸೆತವೇನೂ ಅಲ್ಲ. ಕೈ ಅರ್ಧ ಮೇಲಕ್ಕೆ ಹೋಯಿತು, ನನ್ನ ಹೆಜ್ಜೆಯ ಸದ್ದು ಕೇಳಿಸಿತು, ಕೈ ಎದೆಗೆ ವಾಪಸ್ಸಾಯಿತು. ಚೆಂಡು ಬೆರಳಿಗೆ ತಾಗಿ ಹೋಯಿತು. ನಾನಿನ್ನೂ ಅವನನ್ನು ಮುಟ್ಟಿರಲೇ ಇಲ್ಲ. ಅವನಿಗೆ ನಿಜವಾದ ಹೊಡೆತ ಬೀಳುವುದಿರಲಿಲ್ಲ, ನನ್ನಿಂದಂತೂ ಇಲ್ಲ, ಆದರೂ ಕುಗ್ಗಿದ. ಎಲ್ಲರೂ ನೋಡಿದರು. ಎಲ್ಲರೂ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದರು.

ಅವನ ವಯಸ್ಸಿಗೆ ಇದು ಸಹಜ. ನಾನು ಏನೂ ಅಂದುಕೊಳ್ಳಲಿಲ್ಲ. ಆದರೆ ಊಟ ಸೇರಲಿಲ್ಲ. ಹುಡುಗನ ಕೀಲು ತಪ್ಪಿದ ಬೆರಳು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ಅದರಲ್ಲೇ ಇವತ್ತು ಒಂದು ಚೆಂಡನ್ನೂ ಬಿಡಲಿಲ್ಲ.

ಹೊರಡುವಾಗ ಥರ್ಮನ್ ನನ್ನ ತೋಳು ಹಿಡಿದು, “ಯಾವತ್ತು?” ಎಂದ.

“ನಾಡಿದ್ದು,” ಎಂದೆ. “ಆಣೆ.”

ಆಗಸ್ಟ್ ೨೨

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮೊದಲು ಡೇರಿಯಸ್ ಬಂದ. ಎಸೆತ ಎತ್ತರ. ಹಿಡಿದು ಇಳಿದ. ಒಂದು ಕಾಲು ನೆಲದಲ್ಲಿ, ಇನ್ನೊಂದು ಗಾಳಿಯಲ್ಲಿ. ಊರಿದ ಮೊಣಕಾಲು ನನಗೆ ಸ್ಪಷ್ಟವಾಗಿ ಕಂಡಿತು, ಅದರ ಚಿಪ್ಪಿನ ಮೇಲಿನ ಹಳೆಯ ಕಲೆಯೂ ಕಂಡಿತು. ಸಮಯ ಬೇಕಾದಷ್ಟಿತ್ತು. ಸಾಲಿನಲ್ಲಿ ಮುಂದಿನವನಾಗಿ ಥರ್ಮನ್ ನಿಂತು ನೋಡುತ್ತಿದ್ದುದೂ ಗೊತ್ತು. ನಾನು ಎದೆಗೆ ಹೋದೆ. ಇಡೀ ಮೈ ಹಾಕಿ ಹೊಡೆದೆ, ಮೋಸವಿಲ್ಲದ ಹೊಡೆತ. ಹುಡುಗ ನನ್ನಡಿಯಲ್ಲಿ ಮಲಗಿ, ಹಲ್ಲಿನ ಸಂದಿಯಲ್ಲೆಲ್ಲ ರಕ್ತ ತುಂಬಿಕೊಂಡು ನಗುತ್ತಿದ್ದ. ಚೆಂಡು ಇತ್ತು.

ನಾನೆದ್ದು ಜಾಗಕ್ಕೆ ಹೋಗುವಾಗ ಥರ್ಮನ್ ಶಿರಸ್ತ್ರಾಣದ ಪಟ್ಟಿ ಬಿಗಿದುಕೊಂಡ.

ಸೀಟಿ. ಥರ್ಮನ್ ಓಡಿ ಬಂದ. ಆ ಕಾಲಿನಲ್ಲಿ ಅಷ್ಟು ಜೋರಾಗಿ ಓಡಿದ್ದನ್ನು ಈ ಬೇಸಿಗೆಯಲ್ಲಿ ನಾನು ನೋಡಿರಲಿಲ್ಲ. ಎಸೆತ ಹುಡುಗನದಕ್ಕಿಂತಲೂ ಎತ್ತರ. ಅವನು ನೆಗೆದ. ಕುಗ್ಗಲಿಲ್ಲ, ಎರಡೂ ತೋಳು ಪೂರ್ತಿ ಚಾಚಿದ. ಮೇಲಿರುವಾಗ ಒಂದು ಸಲ ನನ್ನ ಕಡೆ ನೋಡಿದ. ಆ ನೋಟದಲ್ಲಿ ಭಯವಿರಲಿಲ್ಲ. ನಾನು ಹೆಗಲು ತಿರುಗಿಸುತ್ತೇನೆಂದು ಅವನಿಗೆ ಗೊತ್ತಿತ್ತು.

ತಿರುಗಿಸಲಿಲ್ಲ.

ಪಕ್ಕೆಯ ಸದ್ದು ಮೊದಲು ಬಂತು. ಆಮೇಲೆ ಮೈ ತಿರುಚಿಕೊಂಡು ಅವನು ಆ ಕಾಲಿನ ಮೇಲೇ ಬಿದ್ದ. ಆ ಸದ್ದು ಬೇರೆ, ಒದ್ದೆ ಹಗ್ಗ ಹರಿದ ಹಾಗೆ. ಕಾಲು ಹೋಗಬಾರದ ದಿಕ್ಕಿಗೆ ಹೋಗಿತ್ತು. ಕೂಗಿದ. ಹನ್ನೊಂದು ವರ್ಷ ಏಟು ತಿಂದವನ ಬಾಯಿಂದ ಅಂಥ ಕೂಗು ಯಾರೂ ಕೇಳಿರಲಿಲ್ಲ. ನೆಲಕ್ಕೆ ಮೊಳೆ ಹೊಡೆದಿಟ್ಟಂತೆ ಎಲ್ಲರೂ ನಿಂತಲ್ಲೇ ನಿಂತರು. ಸ್ಟ್ರೆಚರ್ ಬಂತು. ಚೆಂಡು ಅವನ ಹೊಟ್ಟೆಗೆ ಒತ್ತಿಕೊಂಡೇ ಇತ್ತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದರು.

ಹುಲ್ಲು ಜಾರುತ್ತಿತ್ತು. ಹೆಗಲು ತಿರುಗಿಸಲು ಕಾಲಿಗೆ ಹಿಡಿತ ಸಿಗಲಿಲ್ಲ.

ಆಗಸ್ಟ್ ೨೩

ಅಭ್ಯಾಸ ಇತ್ತು. ಹೊಡೆದೆ.

ಆಗಸ್ಟ್ ೨೪

ಕೋಚ್ ಕರೆಸಿದ. ಗೋಡೆಯ ಪಟ್ಟಿಯಲ್ಲಿ ಥರ್ಮನ್‌ನ ಹೆಸರಿನ ಚೀಟಿ ಆಗಲೇ ಇರಲಿಲ್ಲ. ಅದರ ಮೊಳೆ ಮಾತ್ರ ಇತ್ತು.

“ಇನ್ನು ಕೇಳೋ ಅಗತ್ಯ ಇಲ್ಲ. ಆದ್ರೂ ಮಾತು ಕೊಟ್ಟಿದ್ದೆ, ಕೇಳ್ತೀನಿ. ಯಾರು?”

“ಥರ್ಮನ್,” ಎಂದೆ. ಮೊದಲಿನಿಂದಲೂ ನನ್ನ ಬಾಯಲ್ಲಿ ಇದ್ದ ಹೆಸರು ಅದೇ. ಯಾರು ಬೇಕಾದರೂ ಈ ಪುಟಗಳನ್ನು ತಿರುವಿ ನೋಡಲಿ.

ಕೋಚ್ ತಲೆಯಾಡಿಸಿದ. “ಹೌದು. ನಾನೂ ಅದನ್ನೇ ಬರೀತಿದ್ದೆ. ಅಂಥ ಹೊಡೆತ ಬಿದ್ದೂ ಬಿಡಲಿಲ್ಲ ನೋಡು. ಈ ಶಿಬಿರದಲ್ಲೇ ಅದರಂಥ ಹಿಡಿತ ಇನ್ನೊಂದು ಆಗಲಿಲ್ಲ. ಜಾಗ ಅವನದೇ ಆಗ್ತಿತ್ತು.” ಪೆನ್ನಿನ ಮುಚ್ಚಳ ಹಾಕಿದ. “ಏನ್ ಮಾಡೋದು. ಹುಡುಗನಿಗೆ ಹೇಳು, ಮೊದಲನೇ ಪಂದ್ಯ ಅವನದು.”

ಹುಡುಗನನ್ನು ಹುಡುಕಿ ಹೇಳಿದೆ. ಕುಣಿಯುತ್ತಾನೆ ಅಂದುಕೊಂಡಿದ್ದೆ. “ಸರಿ,” ಎಂದ. ಊಟಕ್ಕೆ ಹೊಸಬರ ಮೇಜಿಗೆ ಹೋಗಿ ಕೂತ.

ಆಗಸ್ಟ್ ೨೫, ಭಾನುವಾರ

ಆಸ್ಪತ್ರೆಗೆ ಹೋಗಿದ್ದೆ. ಥರ್ಮನ್‌ನ ಹೆಂಡತಿ ವರ್ನಾ ನನ್ನನ್ನು ನೋಡಿ ಎದ್ದು ಹೊರಗೆ ಹೋದಳು, ನಮಸ್ಕಾರವನ್ನೂ ಹೇಳಲಿಲ್ಲ. ಥರ್ಮನ್‌ನ ಕಾಲಿಗೆ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್. ಪಕ್ಕೆಯಿಂದಾಗಿ ಮಾತು ತುಂಡು ತುಂಡಾಗಿ ಬರುತ್ತಿತ್ತು.

“ಹುಲ್ಲು ಜಾರ್ತಿತ್ತು ಕಣೋ,” ಎಂದೆ.

“ವಾರದಿಂದ ಮಳೆ ಇಲ್ಲ.”

ಟಿವಿಯಲ್ಲಿ ಯಾರೋ ಮೀನು ಹಿಡಿಯುತ್ತಿದ್ದರು.

“ಅವನ ಕಾಲು ಮುಟ್ಟೋಕೆ ಆಗಲಿಲ್ಲ ನಿಂಗೆ. ಅದಕ್ಕೆ ನಂಗೆ ಬೇಜಾರಿಲ್ಲ, ಆರ್ವೆಲ್. ನಾನು ಕೇಳಬಾರದಿತ್ತು. ಹೊಲಸು ಮಾತು ಅದು.” ಉಸಿರೆಳೆದುಕೊಂಡ. “ನಂಗೆ ಒಂದೇ ಹೇಳು. ಯಾವಾಗಿಂದ?”

“ಏನು ಯಾವಾಗಿಂದ?”

ನನ್ನನ್ನೇ ನೋಡಿದ. ಮೊದಲು ಸಿಟ್ಟಿನಿಂದ. ಆಮೇಲೆ ಬೇರೆ ಥರ, ನನ್ನ ಮಗಳು ಜ್ವರದಲ್ಲಿ ಏನೇನೋ ಕನವರಿಸಿದಾಗ ರೆನೀಟಾ ಅವಳನ್ನು ನೋಡಿದ್ದಳಲ್ಲ, ಹಾಗೆ.

“ಏನೂ ಇಲ್ಲ ಹೋಗು,” ಎಂದ. “ಊಟದ ಹೊತ್ತಾಯ್ತು ನಿಂದು.”

ದಾರಿಯುದ್ದಕ್ಕೂ ಯೋಚಿಸಿದೆ. ಏನು ಕೇಳಿದನೆಂದು ಈಗಲೂ ತಿಳಿದಿಲ್ಲ. ನೋವಿನ ಮಾತ್ರೆಯ ಅಮಲಿರಬೇಕು.

ಸೆಪ್ಟೆಂಬರ್ ೧

ಋತುವಿನ ಮೊದಲ ಪಂದ್ಯ, ನಮ್ಮೂರಿನಲ್ಲೇ. ಕ್ರೀಡಾಂಗಣ ಕಿಕ್ಕಿರಿದಿತ್ತು. ಸೋತೆವು.

ಆಟದ ಮೂರನೇ ಕಾಲುಭಾಗದಲ್ಲಿ ಡೇರಿಯಸ್ ನಡುವಿನ ಓಟ ಓಡಿದ. ಎಸೆತ ಎಷ್ಟು ಸಲೀಸಾಗಿತ್ತೆಂದರೆ ನನ್ನ ಮಗಳೂ ಹಿಡಿಯುತ್ತಿದ್ದಳು. ಹಿಡಿದಿದ್ದರೆ ಮುಂದೆ ಬಯಲು. ಹುಡುಗನ ಕೈ ಮೇಲೇಳಲೇ ಇಲ್ಲ. ಎರಡೂ ತೋಳನ್ನು ಪಕ್ಕೆಗೆ ಅವುಚಿಕೊಂಡು, ತಲೆ ಹೆಗಲೊಳಗೆ ಎಳೆದುಕೊಂಡು, ಹಾಗೇ ಓಡಿಹೋದ. ಚೆಂಡು ಅವನ ನೆತ್ತಿ ಸವರಿಕೊಂಡು ಹೋಗಿ ಎದುರಾಳಿಯ ಕೈ ಸೇರಿತು. ಜನ ಕೂಗಿದ ಕೂಗು ಬರೆಯುವಂಥದ್ದಲ್ಲ. ಯಾರೋ ಥರ್ಮನ್‌ನ ಹೆಸರು ಹಿಡಿದು ಕಿರುಚಿದರು. ಅದು ಮೆಲ್ಲಗೆ ಇಡೀ ಗ್ಯಾಲರಿಗೆ ಹರಡಿತು.

ಹುಡುಗ ಬೆಂಚಿನ ಆ ತುದಿಗೆ ಹೋಗಿ ಕೂತ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನು ಒಂಚೂರು ಸರಿದ.

“ಏನಾಯ್ತೋ?”

“ಏನಿಲ್ಲಣ್ಣ.”

“ಅವರ ಸೇಫ್ಟಿ ಎಲ್ಲೋ ಇದ್ದ. ಅವನು ಬರೋದ್ರೊಳಗೆ ಹಿಡಿದು, ಇಳಿದು, ಕಾಫಿ ಕುಡೀಬಹುದಿತ್ತು ನೀನು.”

“ಅವನು ನಂಗೆ ಕಾಣ್ಲೇ ಇಲ್ಲ,” ಎಂದ. ನೆಲ ನೋಡುತ್ತಿದ್ದ. “ನೀವು ಕಂಡ್ರಿ.”

“ನಾನಾ? ನಾನು ಬೆಂಚಿನ ಮೇಲಿದ್ದೆ.”

“ಗೊತ್ತು.” ನೀರಿನ ಲೋಟ ಕೈಯಲ್ಲಿ ತಿರುಗಿಸಿದ. “ಅಣ್ಣಾ, ಅವತ್ತು ಥರ್ಮನ್ ಅವರು ನಿಮ್ಮನ್ನ ನೋಡಿದ್ರು. ನೆಗೆದಾಗ. ನಾನು ಸಾಲಿನ ಪಕ್ಕದಲ್ಲೇ ಇದ್ದೆ. ನಿಮ್ಮನ್ನ ನೋಡಿ ಒಂಥರಾ ನಕ್ಕರು.”

ಕೋಚ್ ಕೂಗಿದ. ನಮ್ಮ ಸರದಿ ಬಂದಿತ್ತು, ಎದ್ದು ಮೈದಾನಕ್ಕಿಳಿದೆ. ಮೊದಲ ಆಟದಲ್ಲೇ ಅವರ ಕಡೆಯ ಚೆಂಡು ಹಿಡಿಯುವವನನ್ನು ಎಂಥ ಹೊಡೆತ ಹೊಡೆದೆನೆಂದರೆ ಅವನನ್ನು ಎತ್ತಿಕೊಂಡೇ ಹೋಗಬೇಕಾಯಿತು. ಜನ ನನ್ನ ಹೆಸರು ಕೂಗಿದರು. ನಾನು ತಿರುಗಿ ನಮ್ಮ ಬೆಂಚಿನ ಕಡೆ ನೋಡಿದೆ. ಹುಡುಗ ಕಣ್ಣು ಮುಚ್ಚಿಕೊಂಡಿದ್ದ.

ಇದು ಹೊಸಬರಿಗೆ ಆಗುವ ಅಂಜಿಕೆ, ಬೇರೇನಲ್ಲ. ಬುಧವಾರ ಅಭ್ಯಾಸ ಇದೆ. ಬೇಗ ಹೋಗಿ ಅವನೊಬ್ಬನನ್ನೇ ನಡುವಿನ ಓಟಕ್ಕೆ ಕರೆಯುತ್ತೇನೆ. ಬಿಡಬೇಡ ಎಂದು ಬಾಯಲ್ಲಿ ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಹೊಡೆಯದೆ ಕಲಿಸುವುದು ನನಗೆ ಬಾರದು.